ಎದುರುಮನೆಯ ಪರದೆ

ನನ್ನ ಗಂಡ ಕಾನ್ ಲೂಸಿ ಬಾಯಿ ತೆರೆದರೆ ಮುಚ್ಚುವವನಲ್ಲ. ಬಸ್ಸಿನ ಕೆಲಸದಿಂದ ನಿವೃತ್ತನಾದ ಮೇಲೆ ಕಾರ್ಕ್ ನಗರದ ತನ್ನ ಹಳೆಯ ಓಣಿಯ ಚರಿತ್ರೆಯನ್ನೆಲ್ಲ ತಾನೊಬ್ಬನೇ ಹೊತ್ತವನಂತೆ ಓಡಾಡುತ್ತಾನೆ. ಓಣಿ ಕೆಡವಿ ಎಷ್ಟೋ ಕಾಲವಾಯಿತು. ಆದರೂ ಚರ್ಚಿನ ಸಭಾಂಗಣದಲ್ಲಿ ಓಣಿಯ ನೆನಪಿನ ಕೂಟವೆಂದರೆ ಜನ ಸೇರುತ್ತಾರೆ, ಇವನ ಕಥೆಗೆ ನಗುತ್ತಾರೆ. ನಾನೂ ನಗುತ್ತಿದ್ದೆ.

ಮೊನ್ನೆಯ ಕೂಟದಲ್ಲಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಓಣಿಯ ಅದೇ ಹಳೆಯ ಫೋಟೋ ಮತ್ತೆ ಮೂಡಿತು. ಪರಮಪ್ರಸಾದದ ಮೆರವಣಿಗೆಯ ದಿನ, ಬಿಷಪ್ಪರು ಬರುವ ದಾರಿ. ಕಿಟಕಿ ಕಿಟಕಿಯಲ್ಲೂ ಬಿಳಿ ಬಟ್ಟೆ, ಹೂವು, ಮೇಣದಬತ್ತಿ, ನಡುವೆ ಆ ಮನೆಯವರ ದೇವರ ಪ್ರತಿಮೆ. ಕಾನ್‌ನ ಮನೆಯ ಕಿಟಕಿಯಲ್ಲಿ ಕೆಂಪು ನಿಲುವಂಗಿಯ ಬಾಲಯೇಸು. ಅದೇ ಪ್ರತಿಮೆಯನ್ನು ನಾನು ಒರೆಸಿ ತಂದು ಮೇಜಿನ ಮೇಲೆ ಇಟ್ಟಿದ್ದೆ.

"ನಮ್ಮವ್ವನ ಕಿಟಕಿಗೆ ಸಾಟಿ ಇತ್ತೇನ್ರಿ?" ಎಂದ ಕಾನ್. "ಈಗ ಎದುರುಮನೆ ನೋಡಿ. ಪರದೆ ಇಳಿಬಿಟ್ಟಿದೆ! ಟುಹಿಗ್ ಮುದುಕಿ. ದೇವರೇ ಬಾಗಿಲಿಗೆ ಬಂದ್ರೂ 'ಮನೇಲಿ ಯಾರೂ ಇಲ್ಲ, ನಾಳೆ ಬಾ' ಅನ್ನೋ ಪೈಕಿ!"

ಜನ ಬಿದ್ದು ಬಿದ್ದು ನಕ್ಕರು.

ಚಹಾದ ಬಿಡುವಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೋಲೂರಿಕೊಂಡು ನಮ್ಮ ಹತ್ತಿರ ಬಂದರು.

"ಗುರುತು ಸಿಗ್ಲಿಲ್ವೇನೋ ಕಾನ್? ನೋನಿ ಕಣೋ. ಟುಹಿಗ್ ಮುದುಕಿ ಮಗಳು."

ಕಾನ್ ಮುಖ ಸುಣ್ಣವಾಯಿತು. "ನೋನಿಯಕ್ಕಾ! ಅದು... ಸುಮ್ನೆ ತಮಾಷೆಗೆ..."

ಅವರು ಪ್ರತಿಮೆಯ ಕತ್ತನ್ನು ಬೆರಳಿನಿಂದ ಸವರಿದರು. "ಅಂಟು ಇನ್ನೂ ಹಿಡ್ಕೊಂಡಿದೆ. ಇದರ ಕತ್ತು ಮುರಿದವಳು ನಾನೇ. ನಮ್ಮಪ್ಪ ಅಂಟಿಸಿದ್ದು."

"ಇದು ನಮ್ಮವ್ವಂದು," ಎಂದ ಕಾನ್.

"ನಿಮ್ಮವ್ವಂದು ಆವತ್ತು ಬೆಳಿಗ್ಗೆ ಬಿದ್ದು ಚೂರುಚೂರಾಯ್ತು. ನಿಮ್ಮಪ್ಪನ್ನ ಮಣ್ಣು ಮಾಡಿ ಇನ್ನೂ ತಿಂಗಳಾಗಿರ್ಲಿಲ್ಲ. ಬಿಷಪ್ಪರೆದುರು ಕಿಟಕಿ ಬರಿದು ಅಂತ ಅವಳು ಹೊಸ್ತಿಲ ಮೇಲೆ ಕೂತು ಅಳ್ತಿದ್ಲು. ನಮ್ಮಮ್ಮ ಇದನ್ನ ಶಾಲಿನೊಳಗೆ ಮುಚ್ಕೊಂಡು ತಂದುಕೊಟ್ಲು. ನಮ್ಮ ಕಿಟಕಿ ಬರಿದಾಗಿದ್ದು ಯಾರಿಗೂ ಕಾಣಬಾರ್ದು ಅಂತ ಪರದೆ ಎಳೆದ್ಲು. ಮಾರನೇ ದಿನ ನಿಮ್ಮವ್ವ ವಾಪಸ್ ತಂದಾಗ, 'ಮಗು ನಿಮ್ಮನೆಗೆ ಒಗ್ಗಿಹೋಗಿದೆ, ಅಲ್ಲೇ ಇರಲಿ' ಅಂದ್ಲು."

ನನ್ನ ಕೈಯಲ್ಲಿದ್ದ ಕೇಕಿನ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎಷ್ಟು ಸಲ ನಕ್ಕಿದ್ದೆ ಆ ಪರದೆಗೆ! ಅತ್ತೆಯ ಆಸ್ತಿಯೆಂದು ಎಷ್ಟು ಜಂಬದಿಂದ ಒರೆಸಿದ್ದೆ!

ಕಾನ್ ಪ್ರತಿಮೆಯನ್ನು ಅವರ ಕೈಗೆ ಹಿಡಿಸಲು ಹೋದ. "ತಗೋ ಅಕ್ಕ. ಈಗಲೇ ಎಲ್ಲರೆದುರು ಹೇಳಿಬಿಡ್ತೀನಿ."

"ಬಾಯಿ ಮುಚ್ಕೊಂಡಿರು," ಎಂದರು ನೋನಿ. "ಹೇಳಿದ್ರೆ ನಿಮ್ಮವ್ವನ ಮಾನ ಏನಾಗ್ಬೇಕು? ಯಾರಿಗೂ ಹೇಳಬೇಡ ಅಂದಿದ್ಲು ನಮ್ಮಮ್ಮ. ಇವತ್ತು ನಿನಗೆ ಹೇಳಿದ್ದೇ ನನ್ನ ತಪ್ಪು. ತಡಕೊಳ್ಳೋಕೆ ಆಗ್ಲಿಲ್ಲ."

ಬಿಡುವು ಮುಗಿದು ಎಲ್ಲರೂ ಕುಳಿತರು. ತಡವಾಗಿ ಬಂದವರು ಕೆಲವರಿದ್ದರು. ಮುಂದಿನ ಸಾಲಿನ ಬ್ಯಾಟಿ ಹೂರಿಹನ್ ಕೂಗಿದ, "ಕಾನ್, ಇವರಿಗೂ ಆ ಪರದೆ ಕಥೆ ಆಗ್ಲಪ್ಪ!"

"ಬೇಡ. ಅದ್ರಲ್ಲೇನೂ ಇಲ್ಲ," ಎಂದ ಕಾನ್.

"ಓಹೋ, ಇವತ್ತು ಭಾರೀ ಬಿಂಕ! ಹೋಗ್ಲಿ, ನಾನೇ ಹೇಳ್ತೀನಿ," ಎಂದು ಬ್ಯಾಟಿ ಎದ್ದು ನಿಂತ. ಕಾನ್‌ನ ಮಾತುಗಳನ್ನೇ ಹೇಳಿದ, ಮೇಲೆ ಮುದುಕಿಯ ನಡಿಗೆಯನ್ನೂ ಮಾಡಿ ತೋರಿಸಿದ. ಕಾನ್ ಪ್ರತಿಮೆಯನ್ನು ಎದೆಗವಚಿಕೊಂಡು ನೆಲ ನೋಡುತ್ತ ನಿಂತ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಭೆ ನಗುವ ಮೊದಲೇ ಹಿಂದಿನ ಸಾಲಿನಿಂದ ಒಂದು ನಗು ಕೇಳಿತು. ಕಾನ್ ನಿಂತ ರೀತಿ ಕಂಡು ಯಾರಿಗೂ ಅತ್ತೆಯ ಗುಟ್ಟಿನ ಅನುಮಾನ ಬಾರದಿರಲೆಂದು ನೋನಿಯಕ್ಕ ಗಟ್ಟಿಯಾಗಿ ನಗುತ್ತಿದ್ದರು.