ಗೋಡೆಯಾಚೆಯ ಕೆಮ್ಮು

ಕೆಂಕೆರೆಯ ಸೌಮ್ಯ ಫಾರ್ಮಸಿ ಓದಿ ಹೊನ್ನವಳ್ಳಿಯ ಮೆಡಿಕಲ್ ಸ್ಟೋರಿಗೆ ಕೆಲಸಕ್ಕೆ ಸೇರಿದಾಗ, ಸಿದ್ದಮ್ಮ ತಮ್ಮ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆ ಹೆಸರಿಗಷ್ಟೇ, ಅವಳ ಸಂಜೆಯ ಮುದ್ದೆ ಸಾರು ಅವರ ಅಡುಗೆಮನೆಯಲ್ಲೇ ಆಗುತ್ತಿತ್ತು. ಕೊರೊನಾದ ಎರಡನೇ ಅಲೆ ಎದ್ದ ಮೇಲೆ ನಡುವಿನ ಬಾಗಿಲಿಗೆ ಅಗುಳಿ ಬಿತ್ತು.

"ನಿನ್ ತಾವ ಊರೋರೆಲ್ಲಾ ಬತ್ತಾರೆ ಕಣೇ, ಬೇಜಾರು ಮಾಡ್ಕಬ್ಯಾಡ," ಎಂದು ಸಿದ್ದಮ್ಮ ಒಳಗಿಂದಲೇ ಹೇಳಿದರು.

ಬೇಜಾರು ಮಾಡಿಕೊಳ್ಳಲೂ ಸೌಮ್ಯಳಿಗೆ ಪುರುಸೊತ್ತಿರಲಿಲ್ಲ. ಅಂಗಡಿಯ ಮಾಲೀಕರು ತಿಪಟೂರಿನ ಮನೆಬಿಟ್ಟು ಹೊರಬರುತ್ತಿರಲಿಲ್ಲ. ಬೆಳಗಾದರೆ ಅಂಗಡಿ ಮುಂದೆ ಕಟ್ಟಿದ ಹಗ್ಗದಾಚೆ ಜನ. ಕೇಳಿದರೆ ಜ್ವರ ಮಾತ್ರ ಯಾರಿಗೂ ಇರುತ್ತಿರಲಿಲ್ಲ. ಎಲ್ಲರೂ ಮಾತ್ರೆ ಒಯ್ಯುತ್ತಿದ್ದುದು ಮೈಕೈ ನೋವಿಗೆ, ಬಿಸಿಲಿನ ಸುಸ್ತಿಗೆ, ಮನೆಗೆ ಬಂದ ನೆಂಟರಿಗೆ. ಸ್ಟಾಕು ಬರದ ದಿನ ಇವಳೇ ಬಚ್ಚಿಟ್ಟಿದ್ದಾಳೆಂದು ಬೈಯುವವರೂ ಇದ್ದರು. ಅವಳು ಬೀದಿಗಿಳಿದರೆ ಅದೇ ಜನ ಜಗಲಿಯಿಂದೆದ್ದು ಒಳಗೆ ಹೋಗುತ್ತಿದ್ದರು. ಊರಿಗೆ ಹೋಗೋಣವೆಂದರೆ ಬಸ್ಸಿಲ್ಲ. ಇದ್ದಿದ್ದರೂ ಉಬ್ಬಸದ ಅಪ್ಪನ ಹತ್ತಿರ ಹೋಗುವ ಧೈರ್ಯ ಅವಳಿಗಿರಲಿಲ್ಲ.

ಆ ದಿನಗಳಲ್ಲೇ ಸಿದ್ದಮ್ಮನ ಮಗ ಶಿವಣ್ಣ ಜ್ವರದ ಮಾತ್ರೆಗೆ ಬರತೊಡಗಿದ. ಕಾಯಿ ಸುಲಿಯುವ ಆಳಿಗೆ ಎನ್ನುತ್ತಿದ್ದ. ಒಂದು ಬೆಳಿಗ್ಗೆ ಸೌಮ್ಯ ಮಾತ್ರೆ ಕೊಡಲಿಲ್ಲ.

"ಅಮ್ಮ ಕೆಮ್ಮೋದು ಗೋಡೆಯಾಚೆ ನಂಗೆ ಕೇಳ್ತೈತೆ ಶಿವಣ್ಣೋರೆ. ಇದು ಮಾತ್ರೇಲಿ ನಿಲ್ಲೋ ಕೆಮ್ಮಲ್ಲ. ಆಸ್ಪತ್ರೆಗೆ ಕರ್ಕೊಂಡೋಗಿ."

"ಹೋದೋರು ಎಷ್ಟ್ ಜನ ವಾಪಸ್ ಬಂದವ್ರೆ? ಮನೆ ಬಾಗ್ಲಿಗೂ ಬಿದಿರು ಗಳ ಕಟ್ಟಿ ಸೀಲ್ ಮಾಡ್ತಾರೆ. ಸುಮ್ನೆ ಮಾತ್ರೆ ಕೊಡಮ್ಮ."

"ಕೊಡಲ್ಲ."

ಶಿವಣ್ಣ ಬೈಕು ಹತ್ತಿ ತೋಟದ ಕಡೆ ಹೋದ. ಸೌಮ್ಯ ಅಂಗಡಿ ಬಾಗಿಲೆಳೆದು, ಬೆರಳಿಗೆ ಹಾಕುವ ಆಕ್ಸಿಮೀಟರ್ ಹಿಡಿದು ಮನೆಯ ಪಕ್ಕದ ಕಿಟಕಿಗೆ ಬಂದಳು. ಅದಕ್ಕೆ ತಾಗಿದ್ದ ಮಂಚದ ಮೇಲೆ ದಿಂಬಿಗೊರಗಿದ್ದ ಸಿದ್ದಮ್ಮ ಅವಳನ್ನು ಕಂಡು ಮುಖ ತಿರುಗಿಸಿದರು. ಆದರೂ ಕೈಯನ್ನು ಕಂಬಿಗಳ ನಡುವೆ ಚಾಚಿದರು. ರಕ್ತದಲ್ಲಿನ ಆಮ್ಲಜನಕದ ಮಟ್ಟ ಎಂಬತ್ತನಾಲ್ಕಕ್ಕೆ ಇಳಿದಿತ್ತು. ಆ ಕೈಯನ್ನು ಬಿಡದೆಯೇ ಅವಳು ಆಂಬುಲೆನ್ಸಿಗೆ ಫೋನ್ ಮಾಡಿದಳು.

ಸಿದ್ದಮ್ಮನನ್ನು ತಿಪಟೂರಿಗೆ ಒಯ್ದರು. ಮನೆಗೆ ಗಳ ಕಟ್ಟಿದರು. ಆ ಹುಡುಗಿಯೇ ಹಿಡಿಸಿಕೊಟ್ಟಳೆಂದು ಬೀದಿಯೆಲ್ಲ ಆಡಿಕೊಂಡಿತು. ಶಿವಣ್ಣ ಅವಳ ಹಾಸಿಗೆ, ಚೀಲಗಳನ್ನು ಹಿತ್ತಿಲ ಬಾಗಿಲಾಚೆ ಇಟ್ಟ. ಸೌಮ್ಯ ಅವನ್ನೆತ್ತಿಕೊಂಡು ಅಂಗಡಿಗೆ ಹೋಗಿ, ಔಷಧಿ ಪೆಟ್ಟಿಗೆಗಳ ಹಿಂದೆ ಚಾಪೆ ಹಾಸಿಕೊಂಡಳು. ಊರಿಂದ ಅವ್ವ ಫೋನ್ ಮಾಡಿದಾಗ, "ಸಿದ್ದಮ್ಮೋರೇ ಉಣ್ಣಾಕಿಕ್ತಾರೆ, ನೀ ಯೋಚ್ನೆ ಮಾಡ್ಬ್ಯಾಡ," ಎಂದಳು.

ಸಿದ್ದಮ್ಮ ಬದುಕಿ ಬಂದರು. ಒಂದು ಬೆಳಿಗ್ಗೆ ಕೋಲೂರಿಕೊಂಡು ಬಿ.ಪಿ. ಮಾತ್ರೆಗೆ ಅಂಗಡಿಗೇ ಬಂದರು.

"ಎಲ್ಲಿ ಉಣ್ತೀಯಾ?"

"ಇಲ್ಲೇ ಅಮ್ಮ. ಅವಲಕ್ಕಿ ನೆನೆಸ್ಕೊತೀನಿ."

"ಅವ್ನು ನಿನ್ನ ವಾಪಸ್ ಕರಿಯಲ್ಲ ಕಣೇ. ಹೇಳಿ ಹೇಳಿ ಸಾಕಾಯ್ತು." ಸೆರಗಿನ ಗಂಟಿನಿಂದ ದುಡ್ಡು ಬಿಚ್ಚುತ್ತ, "ನಮ್ಮನೆ ತಾವೂ ಯಾರೂ ಸುಳಿಯಲ್ಲ ಈಗ," ಎಂದರು.

ಸೌಮ್ಯ ಮಾತ್ರೆ ಕೊಟ್ಟಳು. ಸಿದ್ದಮ್ಮ ಹೊರಡದೆ ಹಗ್ಗದಾಚೆ ಮೆಟ್ಟಿಲ ಮೇಲೆ ಕೂತರು. ಅವರನ್ನು ಕಂಡ ಗಿರಾಕಿಗಳು ದೂರವೇ ನಿಂತರು. ಬಿಸಿಲು ಮೆಟ್ಟಿಲಿಗೆ ಬಂದಾಗ ಸಿದ್ದಮ್ಮ, "ಬತ್ತೀನಿ," ಎಂದು ಎದ್ದರು.

ಆಮೇಲೆ ಬಹಳ ದಿನ ಅವರು ಬರಲಿಲ್ಲ. ಸೌಮ್ಯ ಬೆಳಿಗ್ಗೆ ಹಗ್ಗ ಕಟ್ಟುವ ಮೊದಲು, ಅವರು ಬಂದರೆ ಕೂರಲೆಂದು, ಮೆಟ್ಟಿಲನ್ನೂ ಒಮ್ಮೆ ಒರೆಸುತ್ತಿದ್ದಳು.