ಬೀಗರ ನಾಯಿ ಊಟ ಬಿಟ್ಟಿದ್ದು

ಮದುವೆಯಾಗಿ ರಶ್ಮಿ ಭದ್ರಾವತಿಯಿಂದ ಶಿವಮೊಗ್ಗದ ವಿದ್ಯಾನಗರಕ್ಕೆ ಬಂದಾಗ ಅವಳ ಹಿಂದೆ ಬಾದಾಮಿಯೂ ಬಂತು. ಬಾದಾಮಿ ಎಂದರೆ ಅವಳ ನಾಯಿ. ಹೊಳೆಯುವ ಕಂದು ಮೈ, ಅಗಲ ತಲೆ, ಯಾರನ್ನು ಕಂಡರೂ ಬಾಲದ ಜೊತೆ ಸೊಂಟವನ್ನೂ ಅಲ್ಲಾಡಿಸುವ ಸ್ವಭಾವ.

ಅದನ್ನು ಕರೆತರಲು ಒಪ್ಪಿಗೆ ಸುಲಭವಾಗಿ ಸಿಕ್ಕಿರಲಿಲ್ಲ. ಮಾತುಕತೆಯ ದಿನ ಗಂಡಿನ ತಾಯಿ ಬಸವರಾಜೇಶ್ವರಿ, "ನಮ್ಮದು ಲಿಂಗ ಕಟ್ಟಿದೋರ ಮನೆ. ಹೊಸ್ತಿಲ ಒಳಗೆ ಮೊಟ್ಟೆ ಸಿಪ್ಪೆ ಬಂದಿಲ್ಲ. ನಾಯಿ ಅಂದ್ರೆ ಹೆಂಗೆ?" ಎಂದಿದ್ದರು. ರಶ್ಮಿಯ ತಂದೆ ಮೂರ್ತಪ್ಪ ಆ ಮಾತಿಗೇ ಕಾದಿದ್ದವರಂತೆ ಎದ್ದು ಒಳಗೆ ಹೋಗಿ ಸ್ಟೀಲ್ ಡಬ್ಬಿಯೊಂದನ್ನು ತಂದು ಬೀಗಿತ್ತಿಯ ಮುಂದೆ ಇಟ್ಟರು.

"ನೋಡಿ, ಈ ಒಣ ಕಾಳು ಬಿಟ್ರೆ ಬೇರೆ ಏನೂ ಮುಟ್ಟಲ್ಲ ಅದು. ನಾವು ಹೆಂಗೋ ನಮ್ಮ ನಾಯೀನೂ ಹಂಗೆ. ಶುದ್ಧ ಸಸ್ಯಾಹಾರಿ."

ನಾಯಿಗೆಂದೇ ಕಾರ್ಖಾನೆಯಲ್ಲಿ ಮಾಡಿದ ಕಾಳು ಅದು. ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ತಂದದ್ದರಿಂದ ಅದರಲ್ಲಿ ಏನೇನಿದೆ ಎಂದು ಓದಲು ಪೊಟ್ಟಣವೇ ಇರಲಿಲ್ಲ. ಬಸವರಾಜೇಶ್ವರಿ ಒಂದು ಕಾಳನ್ನು ಬೆರಳಲ್ಲಿ ಹಿಡಿದು ಮೂಸಿದರು. "ಹಿಂಡಿ ವಾಸನೆ ಬರ್ತದೆ" ಎಂದರು. ಹೊಳೆಹೊನ್ನೂರು ಕಡೆಯ ಹಳ್ಳಿಯಲ್ಲಿ ಎಮ್ಮೆಗಳ ನಡುವೆ ಬೆಳೆದ ಅವರಿಗೆ ಹಿಂಡಿಯ ಮೇಲೆ ಗೌರವವಿತ್ತು. ನಾಯಿಗೂ ಸೊಸೆಗೂ ಒಟ್ಟಿಗೆ ಒಪ್ಪಿಗೆಯಾಯಿತು.

ವಿದ್ಯಾನಗರಕ್ಕೆ ಬಂದ ನಾಯಿ ಊಟ ಬಿಟ್ಟಿತು.

ಮೊದಲು ಹೊಸ ಜಾಗ ಎಂದುಕೊಂಡರು. ಆಮೇಲೆ ದೃಷ್ಟಿ ಎಂದುಕೊಂಡು ಬಸವರಾಜೇಶ್ವರಿ ನಿವಾಳಿಸಿದರು. ಹಾಕಿದ ಕಾಳಿನಲ್ಲಿ ನಾಲ್ಕು ನುಂಗಿ, ಉಳಿದದ್ದನ್ನು ಮೂಗಿನಿಂದ ತಟ್ಟೆಯಾಚೆ ತಳ್ಳಿ ಮಲಗುತ್ತಿತ್ತು. ಕಾಳಿಗೆ ತುಪ್ಪ ಕಲಸಿದರೆ ತುಪ್ಪವನ್ನು ನೆಕ್ಕಿ ಕಾಳನ್ನು ತೊಳೆದಿಟ್ಟಂತೆ ಬಿಡುತ್ತಿತ್ತು. ಮೊಸರನ್ನ ಮಾಡಿದರು, ಹಾಲಲ್ಲಿ ರೊಟ್ಟಿ ನೆನೆಸಿದರು, ಕೊನೆಗೆ ಉಪ್ಪಿಟ್ಟನ್ನೂ ಕೆದಕಿದರು. ಬಾದಾಮಿ ಪ್ರತಿಯೊಂದನ್ನೂ ಮೂಸಿ, ಬೇಸರ ಮಾಡ್ಕೋಬೇಡಿ ಎನ್ನುವಂತೆ ಬಾಲ ಅಲ್ಲಾಡಿಸಿ, ದೂರ ಹೋಗಿ ಕೂರುತ್ತಿತ್ತು.

"ಬೀಗರ ಮನೇಲಿ ತಿಂತಿತ್ತಂತೆ, ನನ್ನ ಕೈಯಲ್ಲಿ ತಿನ್ನಲ್ಲ ಅಂದ್ರೆ ಏನರ್ಥ?" ಎಂದು ಅವರು ಗಂಡನನ್ನು ಕೇಳಿದರು.

ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಪರಮೇಶ್ವರಪ್ಪನವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಾನೂ ಇಷ್ಟು ವರ್ಷದಿಂದ ತಿಂತಿದೀನಲ್ಲ ಮಾರಾಯ್ತಿ, ಅದನ್ನ ಲೆಕ್ಕಕ್ಕೆ ತಗೋ."

ರಶ್ಮಿಗೆ ನಿಜ ಗೊತ್ತಿತ್ತು. ಅವಳಿಗೊಬ್ಬಳಿಗೇ ಗೊತ್ತಿತ್ತು. ಭದ್ರಾವತಿಯ ಮನೆಯ ಹಿತ್ತಿಲ ಗೋಡೆಯಾಚೆ ಹುಲಿಗೆಮ್ಮ ಇದ್ದಳು. ಅವಳ ಗಂಡನದು ಹಳೇ ನಗರದಲ್ಲಿ ಕೋಳಿ ಅಂಗಡಿ. ದಿನಾ ಬೆಳಿಗ್ಗೆ ಮೂರ್ತಪ್ಪ ಪೂಜೆಗೆ ಕೂತು ಗಂಟೆ ಬಾರಿಸುತ್ತಿದ್ದಂತೆ ಗೋಡೆಯ ಮೇಲಿಂದ ಒಂದು ಕೈ ಇಳಿಯುತ್ತಿತ್ತು. ಆ ಕೈಯಲ್ಲಿ ಹಸಿ ಕೋಳಿಯ ಕುತ್ತಿಗೆ, ಒಂದು ತುಂಡು ಲಿವರ್. ಅದನ್ನು ಮುಗಿಸಿದ ಬಾದಾಮಿ ಬಾಯಿ ಒರೆಸಿಕೊಂಡವರ ಹಾಗೆ ಮುಂಬಾಗಿಲಿಗೆ ಬಂದು, ಪೂಜೆ ಮುಗಿಸಿದ ಮೂರ್ತಪ್ಪ ಹಾಕಿದ ಕಾಳನ್ನು ಕರಕರ ತಿನ್ನುತ್ತಿತ್ತು. ರಶ್ಮಿ ಅಡುಗೆಮನೆಯ ಕಿಟಕಿಯಿಂದ ನೋಡಿ ಸುಮ್ಮನಿದ್ದಳು. ನಾಯಿ ಸುಖವಾಗಿತ್ತು, ಅಪ್ಪನೂ ಸುಖವಾಗಿದ್ದರು.

ಈಗ ಹೇಳಿದರೆ ಅಪ್ಪ ಬೀಗರ ಕಣ್ಣಿಗೆ ಸುಳ್ಳುಗಾರರಾಗುತ್ತಾರೆ. ಹೇಳದಿದ್ದರೆ ನಾಯಿ ಬಡವಾಗುತ್ತದೆ.

ಪಶುವೈದ್ಯರು ಬಾಯಿ, ಹೊಟ್ಟೆ, ರಕ್ತ ಎಲ್ಲ ನೋಡಿ, "ಕಾಯಿಲೆ ಏನಿಲ್ಲ. ಮುಂಚೆ ಏನು ಹಾಕ್ತಿದ್ರು?" ಎಂದರು.

"ಬರೀ ಒಣ ಕಾಳು" ಎಂದರು ಬಸವರಾಜೇಶ್ವರಿ.

ವೈದ್ಯರು ರಶ್ಮಿಯ ಮುಖ ನೋಡಿದರು. ರಶ್ಮಿ ಗೋಡೆಯ ಮೇಲಿನ ಹಸುವಿನ ಚಿತ್ರ ನೋಡಿದಳು.

ಆ ಶನಿವಾರ ಪರಮೇಶ್ವರಪ್ಪ ತೀರ್ಮಾನ ಹೇಳಿದರು. "ಸೋಮವಾರ ನಾಯಿ ಭದ್ರಾವತಿಗೆ ವಾಪಸ್. ಇಲ್ಲೇ ಸತ್ತುಗಿತ್ತು ಹೋದ್ರೆ ಬೀಗರಿಗೆ ಏನಂತ ಮುಖ ತೋರಿಸೋದು?"

ರಶ್ಮಿ ಬಡಿಸುತ್ತಿದ್ದ ಸೌಟು ಸಾರಿನಲ್ಲೇ ನಿಂತಿತು. ಅವಳ ಗಂಡ ವಿಜಯೇಂದ್ರ ಏನೋ ಹೇಳಲು ಬಾಯಿ ತೆರೆದವನು, ಅಪ್ಪನ ಮುಖ ನೋಡಿ ಆ ಬಾಯಿಗೆ ತುತ್ತು ಇಟ್ಟುಕೊಂಡ.

ಬಸವರಾಜೇಶ್ವರಿ ಮಾತ್ರ ಬಿಡಲಿಲ್ಲ. "ಹೊಸ ಎಮ್ಮೆ ಮೇವು ಬಿಟ್ರೆ ಏನ್ ಮಾಡ್ತೀವಿ? ಮಾರಿದವರ ಕೊಟ್ಟಿಗೆಗೇ ಹೋಗಿ, ಏನು ಹಾಕ್ತಿದ್ರು, ಹೆಂಗೆ ಹಾಕ್ತಿದ್ರು, ಕಣ್ಣಾರೆ ನೋಡ್ಕೊಂಡು ಬರ್ತೀವಿ. ನಾಳೆ ನಾನೇ ಹೋಗ್ತೀನಿ."

"ಫೋನಲ್ಲಿ ಕೇಳಿ ಆಗಿದೆಯಲ್ಲೇ?"

"ಎಮ್ಮೆ ಮಾರಿದೋರು ಫೋನಲ್ಲಿ ನಿಜ ಹೇಳ್ತಾರೇನ್ರೀ?"

ರಶ್ಮಿಗೆ ಆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ವಿಜಯೇಂದ್ರ ಅಮ್ಮ, ರಶ್ಮಿ, ಬಾದಾಮಿ ಮೂವರನ್ನೂ ಕಾರಿನಲ್ಲಿ ಭದ್ರಾವತಿಯಲ್ಲಿ ಇಳಿಸಿ, ಸಂಜೆ ಬರುತ್ತೇನೆಂದು ಹೋದ. ಬೀಗಿತ್ತಿ ಹೇಳದೆ ಕೇಳದೆ ಬಂದದ್ದು ಕಂಡು ಮೂರ್ತಪ್ಪನ ಮನೆಯಲ್ಲಿ ಗಡಿಬಿಡಿ ಎದ್ದಿತು. ರಶ್ಮಿಯ ತಾಯಿ ಕೇಸರಿಬಾತ್‌ಗೆ ರವೆ ಹುರಿಯಲು ಓಡಿದರು. ಮೂರ್ತಪ್ಪ, "ಬಿಸಿ ಬಿಸಿ ಬೋಂಡ ತರ್ತೀನಿ, ಕೂತಿರಿ" ಎಂದು ಸ್ಕೂಟರ್ ಹತ್ತಿದರು.

ಬಾದಾಮಿ ಯಾರನ್ನೂ ಮಾತಾಡಿಸಲಿಲ್ಲ. ಕಾರಿನಿಂದ ಜಿಗಿದದ್ದೇ ಮನೆಯ ಪಕ್ಕದಿಂದ ಹಿತ್ತಿಲಿಗೆ ಓಡಿತು. ಬಸವರಾಜೇಶ್ವರಿ ಸೀರೆ ನೆರಿಗೆ ಎತ್ತಿಕೊಂಡು ಅದರ ಹಿಂದೆ ನಡೆದರು.

"ಅತ್ತೆ, ಅಲ್ಲಿ ಪಾಚಿ ಇದೆ, ಜಾರುತ್ತೆ" ಎಂದಳು ರಶ್ಮಿ.

"ಪಾಚಿ ಮೇಲೇ ಬೆಳೆದೋಳು ನಾನು, ಸುಮ್ನಿರು."

ನಾಯಿ ಗೋಡೆಯ ಬುಡದಲ್ಲಿ ಕೂತು ಮೇಲೆ ನೋಡುತ್ತಿತ್ತು. ದೇವರ ಮುಂದೆ ಕೂತವರೂ ಅಷ್ಟು ಏಕಾಗ್ರತೆಯಿಂದ ಕೂತದ್ದನ್ನು ಬಸವರಾಜೇಶ್ವರಿ ನೋಡಿರಲಿಲ್ಲ. ಅದು ಒಮ್ಮೆ ಬೊಗಳಿತು. ಗೋಡೆಯಾಚೆ ಪಾತ್ರೆ ಬಿದ್ದ ಸದ್ದು.

"ಅಯ್ಯೋ ನನ್ನ ರಾಜಾ! ಬಂದ್ಯೇನೋ? ಯಾಕೋ ಇಷ್ಟು ಸೊರಗಿದೀಯ? ಆ ಶಿವಮೊಗ್ಗದೋರು ಉಪವಾಸ ಕೆಡವಿದ್ರೇನೋ?" ಎನ್ನುತ್ತ ಒಂದು ಕೈ ಇಳಿಯಿತು. ಕೈಯಲ್ಲಿದ್ದದ್ದು ಬಾದಾಮಿಯ ಬಾಯಿ ಸೇರಿ ಕಟಕ್ಕೆಂದಿತು. ಆಮೇಲೆ ಗೋಡೆಯ ಮೇಲೆ ಹುಲಿಗೆಮ್ಮನ ಮುಖ ಎದ್ದಿತು. ವಿಭೂತಿ ಧರಿಸಿದ ಹೊಸ ಹೆಂಗಸನ್ನು ಕಂಡು ಅದು ಹಾಗೇ ನಿಂತಿತು.

"ಶಿವ ಶಿವಾ" ಎಂದರು ಬಸವರಾಜೇಶ್ವರಿ. "ಏನದು?"

"ಕೋಳಿ ಕುತ್ತಿಗೆ ಕಣಕ್ಕಾ" ಎಂದಳು ಹುಲಿಗೆಮ್ಮ. ಸುಳ್ಳು ಹೇಳಲು ಹೊತ್ತಿರಲಿಲ್ಲ.

"ಹಸೀದಾ?"

"ಹಸೀದೇ ಹಾಕ್ಬೇಕು. ಬೇಯಿಸಿದ್ರೆ ಮೂಳೆ ಸಿಗಿದು ಗಂಟಲಿಗೆ ಚುಚ್ಚುತ್ತೆ." ಹೆದರಿಕೆ ಸ್ವಲ್ಪ ಇಳಿದು ಅವಳಿಗೆ ಸಿಟ್ಟು ಬಂತು. "ನಾನೇನು ವಿಷ ಹಾಕಿದ್ನಾ? ಗಿಣಿಗೆ ಹಾಕೋ ಹಂಗೆ ನಾಯಿಗೆ ಬರೀ ಕಾಳು ಹಾಕ್ತಿದ್ರು ಮೂರ್ತಪ್ಪನೋರು. ನೋಡೋಕಾಗ್ಲಿಲ್ಲ. ಮೊದ್ಲು ಇದು ಹೊಟ್ಟೆಗೆ ಬಿದ್ರೆ ಆಮೇಲೆ ಆ ಕಾಳೂ ತಿಂತದೆ. ಅದ್ರಲ್ಲೂ ಕೋಳಿ ಪುಡಿ ಹಾಕಿರ್ತಾರಂತಲ್ಲಕ್ಕಾ, ನಮ್ಮ ಯಜಮಾನ್ರು..."

"ಸಾಕು ತಾಯಿ" ಎಂದು ಬಸವರಾಜೇಶ್ವರಿ ಕೈ ಅಡ್ಡ ಹಿಡಿದರು. "ಒಂದು ದಿನಕ್ಕೆ ಒಂದು ಸಾಕು. ಇನ್ನೊಂದು ಮುಂದಿನ ಸಲ ಹೇಳು."

ಅವರು ತಿರುಗಿ ಸೊಸೆಯನ್ನು ನೋಡಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ." ರಶ್ಮಿಯ ಕಣ್ಣು ತುಂಬಿತು. "ಅಪ್ಪನಿಗೆ ಗೊತ್ತಿಲ್ಲ. ಆಣೆಗೂ ಗೊತ್ತಿಲ್ಲ. ಅವರು ನಂಬಿಕೊಂಡೇ ಹೇಳಿದ್ದು."

"ಗೊತ್ತಿದ್ದೂ ನನ್ನ ಕೈಯಲ್ಲಿ ನಾಯಿಗೆ ಉಪ್ಪಿಟ್ಟು ಕೆದಕಿಸಿದ್ಯಲ್ಲೇ! ಒಗ್ಗರಣೆಗೆ ಗೋಡಂಬಿ ಬೇರೆ ಹಾಕಿದ್ದೆ!"

ರಶ್ಮಿ ತಲೆ ತಗ್ಗಿಸಿದಳು. ಅತ್ತೆಯ ಭುಜ ಅಲುಗುವುದು ಕಂಡಿತು. ಅಳುತ್ತಿದ್ದಾರೆಂದು ಹತ್ತಿರ ಹೋದಳು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ಅಂದ್ರೆ ನನ್ನ ಕೈ ಸರಿಯಾಗೇ ಇದೆ" ಎಂದರು.

ಅಷ್ಟರಲ್ಲಿ ಸ್ಕೂಟರ್ ಸದ್ದಾಯಿತು. ಹುಲಿಗೆಮ್ಮನ ಮುಖ ಗೋಡೆಯ ಹಿಂದೆ ಮುಳುಗಿತು. ಮೂರ್ತಪ್ಪ ಬೋಂಡದ ಪೊಟ್ಟಣ ಟೇಬಲಿನ ಮೇಲಿಟ್ಟು, ಡಬ್ಬಿಯಿಂದ ಕಾಳು ತೆಗೆದು ತಟ್ಟೆಗೆ ಸುರಿದರು. ಬಾದಾಮಿ ಬಂದು ತಟ್ಟೆಯನ್ನು ಅಂಗಳದ ತುಂಬ ತಳ್ಳಾಡುತ್ತ ಕೊನೆಯ ಕಾಳಿನವರೆಗೂ ತಿಂದಿತು.

"ನೋಡಿದ್ರಾ ಬೀಗಿತ್ತಿಯವ್ರೇ! ಬರೀ ಕಾಳು. ನಾನು ಹೇಳಿರ್ಲಿಲ್ವಾ?"

ರಶ್ಮಿ ಅತ್ತೆಯ ಮುಖ ನೋಡಿದಳು. ಬಸವರಾಜೇಶ್ವರಿ ಒಂದು ಬೋಂಡ ಮುರಿದು, ಆವಿ ಹೋಗುವವರೆಗೂ ಕಾದರು.

"ಹೌದು ಬೀಗರೇ. ನಿಮ್ಮ ಕೈಗುಣ" ಎಂದರು.

ಸಂಜೆ ಹೊರಡುವಾಗ ಮೂರ್ತಪ್ಪ, ನಾಯಿ ಇಲ್ಲೇ ಇರಲಿ ಎಂದು ನಾಲ್ಕು ಸಲ ಹೇಳಿದರು. ಬಸವರಾಜೇಶ್ವರಿ ಮಾತಿಗೆ ನಿಲ್ಲದೆ ನಾಯಿಯನ್ನು ಕಾರಿಗೆ ಹತ್ತಿಸಿದರು.

ದಾರಿಯುದ್ದಕ್ಕೂ ಅವರು ಯೋಚಿಸಿದರು. ಹೊಸ್ತಿಲ ಒಳಗೆ ಮಾಂಸ ತರುವ ಮಾತೇ ಇಲ್ಲ. ಆದರೆ ಗೋಡೆಯಾಚೆಯಿಂದ ಯಾರೋ ಕೊಟ್ಟರೆ, ನಾಯಿ ತಿಂದರೆ, ಅದು ಅವರಿಬ್ಬರ ವ್ಯವಹಾರ. ವಿದ್ಯಾನಗರದ ಮನೆಯ ಪಕ್ಕದಲ್ಲಿ ಸಮತಾ ಎಂಬ ಬ್ಯಾಂಕಿನ ಹುಡುಗಿಯ ಸಂಸಾರವಿತ್ತು. ಭಾನುವಾರ ಅಲ್ಲಿಂದ ಕೋಳಿ ಹುರಿಯುವ ವಾಸನೆ ಬರುತ್ತದೆಂದು ಹೋದ ಬೇಸಿಗೆಯಲ್ಲಿ ಬಸವರಾಜೇಶ್ವರಿಯೇ ನಡುವಿನ ಗೋಡೆಯನ್ನು ಎತ್ತರಿಸಿದ್ದರು. ಅಂದಿನಿಂದ ಮಾತು ನಿಂತಿತ್ತು.

ಮನೆ ತಲುಪಿದವರೇ ಬಟ್ಟೆ ಒಗೆಯುವ ಕಲ್ಲು ಹತ್ತಿ ನಿಂತು ಕೂಗಿದರು. "ಸಮತಾ, ಏ ಸಮತಾ!"

"ಆಂಟಿ? ನೀವೇನಾ?" ಅವಳ ದನಿಯಲ್ಲಿ ಭಯವಿತ್ತು. "ಇವತ್ತು ನಾವು ಏನೂ ಹುರಿದಿಲ್ಲ ಆಂಟಿ."

"ಯಾಕಮ್ಮ ಹುರಿದಿಲ್ಲ? ಹುರೀಬೇಕಪ್ಪ." ಬಸವರಾಜೇಶ್ವರಿ ದನಿ ತಗ್ಗಿಸಿ ವಿಷಯ ಹೇಳಿದರು.

"ಕೊಡ್ತೀನಿ ಆಂಟಿ, ದಿನಾ ಬೇಕಾದ್ರೂ ಕೊಡ್ತೀನಿ. ಆದ್ರೆ ಈ ಗೋಡೆ ಮೇಲೆ ನನ್ನ ಕೈ ಎಟುಕಲ್ವಲ್ಲ?"

ಸೋಮವಾರ ಬೆಳಿಗ್ಗೆ ಪರಮೇಶ್ವರಪ್ಪ ಪೂಜೆ ಮುಗಿಸಿ ಹೊರಬಂದಾಗ ಮೇಸ್ತ್ರಿ ಗೋಡೆಯ ಇಟ್ಟಿಗೆ ಕೀಳುತ್ತಿದ್ದ. "ಎಷ್ಟು ಇಳಿಸ್ಲಿ ಅಮ್ಮಾ?" ಎಂದು ಅವನು ಕೇಳಿದ. ಬಸವರಾಜೇಶ್ವರಿ ಗೋಡೆಯತ್ತ ತಿರುಗಿ, "ಕೈ ಎತ್ತಮ್ಮ ಸಮತಾ" ಎಂದರು. ಆಚೆಯಿಂದ ಬಳೆ ತೊಟ್ಟ ಕೈಯೊಂದು ಎದ್ದಿತು. "ನೋಡು, ಆ ಮೊಣಕೈ ಬಗ್ಗೋಷ್ಟು."

"ಏನೇ ಇದು? ಅಷ್ಟು ದುಡ್ಡು ಸುರಿದು ಕಟ್ಟಿಸಿದ ಗೋಡೆ!"

"ಗಾಳಿ ಸಾಲ್ತಿರ್ಲಿಲ್ಲ ರೀ. ನೀವು ಒಳಗೆ ಹೋಗಿ, ಧೂಳು."

ಅವರು ಒಳಗೆ ಹೋದರು. ಕೈ ಇಳಿಯಿತು. ಬಸವರಾಜೇಶ್ವರಿ ಗೋಡೆಗೆ ಬೆನ್ನು ಮಾಡಿ ನಿಂತು, ಕಟಕಟ ಸದ್ದು ನಿಲ್ಲುವವರೆಗೂ ಎದುರಿನ ತೆಂಗಿನ ಮರ ನೋಡಿದರು. ಸದ್ದು ನಿಂತ ಮೇಲೆ ತಟ್ಟೆಗೆ ಕಾಳು ಸುರಿದರು. ಪರಮೇಶ್ವರಪ್ಪ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಬಾದಾಮಿ ತಟ್ಟೆಯನ್ನು ಹೊಳೆಯುವಂತೆ ನೆಕ್ಕುತ್ತಿತ್ತು.

"ಅರೆ, ತಿಂತಲ್ಲ! ಹಂಗಾದ್ರೆ ವಾಪಸ್ ಕಳಿಸೋದು ಬೇಡ ಬಿಡು."

"ಕಳಿಸ್ತೀನಿ ಅಂತ ಯಾರಂದ್ರು?" ಎಂದರು ಬಸವರಾಜೇಶ್ವರಿ. ರಶ್ಮಿ ಬಾಗಿಲ ಹಿಂದೆ ನಿಂತು, ಬಾದಾಮಿಯ ಮೀಸೆಗೆ ಅಂಟಿದ ಕೆಂಪು ಚೂರನ್ನು ಮಾವ ನೋಡುವ ಮೊದಲೇ ಒರೆಸಲು ಬಟ್ಟೆ ಹಿಡಿದು ಓಡಿದಳು.