ರಣಹದ್ದಿನ ಮೊಟ್ಟೆಯ ನಾಯಿ

ಜುಮಾಶನಿಗೆ ನಾಲ್ಕನೇ ನಾಯಿ ಬೇಕಂತೆ. ಇರುವ ಮೂರು ಸಾಲದಂತೆ. ಬೆಳಗಿನ ಚಹಾಕ್ಕೆ ಕೂತವನು ಬಟ್ಟಲನ್ನು ಇನ್ನೂ ತುಟಿಗೆ ಇಟ್ಟಿರಲಿಲ್ಲ, ಮಾತು ಎತ್ತಿಯೇ ಬಿಟ್ಟ. ರೊಟ್ಟಿ ಮುರಿಯುತ್ತಿದ್ದ ಕೆಂಜೆ ಗಂಡನ ಮುಖವನ್ನೇ ನೋಡಿದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಮೇಲೂ ಈ ಮನುಷ್ಯನ ದಡ್ಡತನಕ್ಕೆ ತಳ ಸಿಕ್ಕಿರಲಿಲ್ಲ.

"ಶೆರ್ಗಾಜಿ ಮಾವನ ಹತ್ರ ತೈಗನ್ ಮರಿ ಇದೆ ಕಣೇ. ಅಸಲಿ ಬೇಟೆ ನಾಯಿ. ಅದರ ಮುತ್ತಜ್ಜಿ ರಣಹದ್ದಿನ ಮೊಟ್ಟೆ ಒಡೆದು ಹುಟ್ಟಿದ್ದಂತೆ."

"ಹೌದಾ? ಕಾವು ಕೊಟ್ಟೋರು ಯಾರು, ನಿಮ್ಮ ಮಾವನೇನಾ?"

"ನಗಬೇಡ. ಅಂಥ ನಾಯಿ ಬಾಯಿಂದ ಯಾವ ತೋಳಾನೂ ತಪ್ಪಿಸ್ಕೊಳಲ್ಲ."

"ತೋಳ ಹಿಡಿಯೋ ಶೂರ ಒಬ್ಬ ಮನೇಲೇ ಇದಾನಲ್ಲಪ್ಪ. ಗುಡುಗಿದ್ರೆ ಲಾರಿ ಕೆಳಗೆ ನುಗ್ಗೋನು."

ಮೊದಲನೇ ನಾಯಿ ಬೊರಿಬಸಾರನ ವಿಷಯ ಅದು. ತೋಳವನ್ನು ಕೆಡವುವವನು ಅಂತ ಆ ಹೆಸರಿನ ಅರ್ಥ. ಇಟ್ಟವನು ಜುಮಾಶನೇ, ಇನ್ಯಾರು ಇಡುತ್ತಾರೆ! ಎರಡನೆಯದು ಕುಯ್ರುಕ್, ಮೋಡ ಓಡಿದರೂ ಬೊಗಳುವ ತಲೆಕೆಟ್ಟದ್ದು. ಮೂರನೆಯವಳು ಅಕ್‌ತೋಶ್. ಒಂಬತ್ತು ವರ್ಷದ ಮುದುಕಿ. ಎದೆಯ ಮೇಲೆ ಬಿಳಿ ಮಚ್ಚೆ, ಕೆನ್ನೆಯ ಮೇಲೆ ತೋಳ ಹರಿದ ಗುರುತು. ಹಿಂದೊಂದು ವರ್ಷ ಹಿಮಗಾಳಿಯಲ್ಲಿ ದಾರಿ ತಪ್ಪಿದ ನಲವತ್ತು ಕುರಿಗಳ ಜೊತೆ ಎರಡು ಹಗಲು ಎರಡು ರಾತ್ರಿ ಒಬ್ಬಳೇ ನಿಂತವಳು ಅವಳು. ಮಂದೆ ಕಾಯುತ್ತಿದ್ದದ್ದು ಅವಳೊಬ್ಬಳೇ. ಮಿಕ್ಕವೆರಡು ಅವಳ ಹಿಂದೆ ನಿಂತು ಗದ್ದಲ ಮಾಡುತ್ತಿದ್ದವು, ಅಷ್ಟೆ.

"ನಾಲ್ಕಕ್ಕೆ ಗಂಜಿ ಎಲ್ಲಿಂದ ಹಾಕ್ತೀಯ?" ಕೆಂಜೆ ಕೇಳಿದಳು.

"ನಾಲ್ಕು ಯಾಕೆ? ಮುದುಕಿಯನ್ನ ಯಾರಿಗಾದ್ರೂ ಕೊಟ್ಟುಬಿಟ್ರೆ ಆಯ್ತು."

ಕೆಂಜೆ ಮುರಿದ ರೊಟ್ಟಿಯನ್ನೇ ಮತ್ತೆ ಮುರಿದಳು. ಅಕ್‌ತೋಶ್ ಮಲಗುತ್ತಿದ್ದದ್ದು ಗುಡಾರದ ಬಾಗಿಲಿಗೆ ಅಡ್ಡ, ಅವಳ ತಲೆದಿಂಬಿನಿಂದ ಮೂರು ಗೇಣು ದೂರದಲ್ಲಿ. ಹಗಲೆಲ್ಲ "ಆಚೆ ಹೋಗೇ ದರಿದ್ರದವಳೇ" ಎಂದು ಬಯ್ಯುತ್ತಿದ್ದವಳೇ, ಗಂಡ ಅತ್ತ ತಿರುಗಿದಾಗ ಮಜ್ಜೆಯಿದ್ದ ಮೂಳೆಯನ್ನು ಅದರ ಮುಂದೆ ಎಸೆಯುತ್ತಿದ್ದಳು. ಆ ನಾಯಿಯೆಂದರೆ ಅವಳಿಗೆ ಜೀವ. ಆದರೆ ಹಾಗಂತ ಬಾಯಿಬಿಟ್ಟು ಹೇಳುವುದುಂಟೇ? ಕುರಿಗಾರನ ಹೆಂಡತಿ ನಾಯಿಗಾಗಿ ಅತ್ತಳು ಅಂತ ಇಡೀ ಹುಲ್ಲುಗಾವಲು ವರ್ಷಗಟ್ಟಲೆ ಆಡಿಕೊಂಡು ನಗುತ್ತದೆ. ಅದಕ್ಕೇ ಬೇರೆ ದಾರಿ ಹಿಡಿದಳು.

"ಮೂರನೇ ಸಲದ್ದು ಒಂದೇ ಉಳಿದಿರೋದು, ನೆನಪಿದೆಯಾ? ಅದನ್ನ ನಾಯಿಮರಿಗೆ ಸುರೀತೀಯಾ? ಹಾಲು ಕೊಡೋ ಕುದುರೆ ಕೇಳು. ನೆಂಟರು ಬಂದಾಗಲೆಲ್ಲ ಕುಮಿಸ್‌ಗೆ, ಆ ಹುಳಿ ಕುದುರೆಹಾಲಿಗೆ, ಪಾತ್ರೆ ಹಿಡ್ಕೊಂಡು ಪಕ್ಕದ ಗುಡಾರಕ್ಕೆ ಓಡಿ ಸಾಕಾಗಿದೆ ನಂಗೆ."

ಸೋದರಳಿಯನಾದವನು ಸೋದರಮಾವನ ಮನೆಯಿಂದ ಜೀವಮಾನದಲ್ಲಿ ಮೂರು ಸಲ ಬೇಕಾದ್ದನ್ನು ಕೇಳಬಹುದು. ಮಾವ ಇಲ್ಲ ಅನ್ನುವಂತಿಲ್ಲ. ಇಲ್ಲ ಅಂದವನ ಕೈಗೆ ನಡುಕ ಹತ್ತುತ್ತದೆ ಅಂತ ಎಲ್ಲರೂ ನಂಬುತ್ತಾರೆ. ಹೀಗೆ ಸಿಕ್ಕ ಹಕ್ಕಿನಲ್ಲಿ ಜುಮಾಶ್ ಎಂಬ ಮಹಾನುಭಾವ ಮೊದಲ ಸಲ ತಂದದ್ದು ಯಾವ ಕುದುರೆಯ ಬೆನ್ನಿಗೂ ಒಗ್ಗದ ಬೆಳ್ಳಿ ಕಟ್ಟಿದ ಜೀನು. ಎರಡನೇ ಸಲ ತನಗೆ ನುಡಿಸಲು ಬಾರದ ಅಕಾರ್ಡಿಯನ್.

ಆ ವಾರವೇ ಶೆರ್ಗಾಜಿಯ ಗುಡಾರಕ್ಕೆ ಹೋದರು. ಅಂಥ ಜಿಪುಣ ಆ ಕಣಿವೆಯಲ್ಲಿ ಇನ್ನೊಬ್ಬನಿರಲಿಲ್ಲ. ಅಳಿಯ ಬರುವ ಸುದ್ದಿ ಕೇಳಿದ್ದೇ ತಡ, ಕುದುರೆಗಳನ್ನೆಲ್ಲ ಗುಡ್ಡದ ಆಚೆಗೆ ಅಟ್ಟಿ, ನಾಯಿಮರಿಯನ್ನು ಬಾಗಿಲ ಎದುರಿಗೇ ಕಟ್ಟಿದ್ದ. ಕೆಂಜೆಗೆ ಒಂದೇ ನೋಟಕ್ಕೆ ಅರ್ಥವಾಯಿತು. ಜುಮಾಶನಿಗೆ ಹೇಗೆ ಅರ್ಥವಾದೀತು? ಅವನು ಆಗಲೇ ಮರಿಯ ಮುಂದೆ ಮಂಡಿಯೂರಿ ಅದರ ಹಲ್ಲು ಎಣಿಸುತ್ತಿದ್ದ.

ಊಟಕ್ಕೆ ಜುಮಾಶನ ಅಕ್ಕನ ಮಗ ರಿಸ್ಪೆಕ್ ಕೂಡ ಬಂದಿದ್ದ. ಆಚೆ ಕಣಿವೆಯ ಕುರಿಗಾರ, ಗಡ್ಡ ನೆರೆಯತೊಡಗಿದ ಮಾತುಕಮ್ಮಿ ಮನುಷ್ಯ. ಮಾಂಸದ ತಟ್ಟೆ ಬಂದ ಮೇಲೆ ಕೆಂಜೆಗೆ ತಡೆಯಲಾಗಲಿಲ್ಲ. ಗಂಡನ ಕಡೆಯ ಹಿರಿಯರ ಮುಂದೆ ಸೊಸೆ ದನಿ ಎತ್ತಬಾರದು. ತಲೆ ತಗ್ಗಿಸಿಕೊಂಡೇ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಇರೋ ಮೂರೇ ದಂಡಪಿಂಡ. ಒಂದು ಹೇಡಿ, ಒಂದು ಹುಚ್ಚು. ಇನ್ನು ಆ ಮುದಿ ಅಕ್‌ತೋಶ್, ತಿಂದು ಮಲಗೋದು ಬಿಟ್ರೆ ಬೇರೆ ಕಸುಬಿಲ್ಲ ಅದಕ್ಕೆ. ನಾಯಿ ಸಾಕಿ ಸಾಕಾಗಿದೆ ನಮಗೆ. ಕುದುರೆ ಕೊಟ್ರೆ ಉಪಕಾರ ಆಗ್ತಿತ್ತು."

"ಕೇಳೋದು ಅಳಿಯ ತಾನೇ ಮಗಳೇ?" ಶೆರ್ಗಾಜಿ ಮೀಸೆಯಡಿಯಲ್ಲೇ ನಕ್ಕ.

ಅಳಿಯ ನಾಯಿಮರಿಯನ್ನು ಕೇಳಿದ. ಮಾವ ಕರುಳು ಕಿತ್ತು ಕೊಟ್ಟವನ ಹಾಗೆ ನಿಟ್ಟುಸಿರು ಬಿಟ್ಟು ಕೊಟ್ಟ. ಎಂಥ ನಾಟಕ!

ಮರಿಗೆ ಸುಲ್ತಾನ್ ಎಂದು ಹೆಸರಾಯಿತು. ಸುಲ್ತಾನ್ ಸಾಹೇಬರು ಬಂದ ಮೂರೇ ದಿನಕ್ಕೆ ಕೆಂಜೆಯ ಎಡಗಾಲಿನ ಬೂಟು ತಿಂದರು, ಮೇಕೆಮರಿಗೆ ಹೆದರಿ ಹಾಸಿಗೆಯ ರಾಶಿಯ ಹಿಂದೆ ಉಚ್ಚೆ ಹೊಯ್ದರು. ತಣ್ಣನೆ ಗಾಳಿ ಬಂದರೆ ನಡುಗುತ್ತಿದ್ದರು. ಅಷ್ಟಾದರೂ ಜುಮಾಶ್ ಹಾದುಹೋಗುವ ಸವಾರರನ್ನೆಲ್ಲ ಕೂಗಿ ಕರೆದು ರಣಹದ್ದಿನ ಕಥೆ ಹೇಳುತ್ತಿದ್ದ, ಸ್ವಲ್ಪವೂ ನಾಚಿಕೆಯಿಲ್ಲದೆ. ರಾತ್ರಿ ಆ ಮರಿಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಬೆಚ್ಚಗೆ ಮಲಗಿಸುತ್ತಿದ್ದವಳು ಅಕ್‌ತೋಶ್.

ಹತ್ತು ದಿನ ಕಳೆಯಿತು. ಮುದುಕಿಯನ್ನು ಕೊಡುವ ಮಾತು ಮತ್ತೆ ಬರಲಿಲ್ಲ. ಗಂಡ ಮರೆತ, ಸದ್ಯ ಗೆದ್ದೆ ಅಂದುಕೊಂಡ ಕೆಂಜೆ ನಾಲ್ಕನೇ ಬೋಗುಣಿಗೂ ಗೊಣಗದೆ ಗಂಜಿ ಹಾಕತೊಡಗಿದಳು.

ಹನ್ನೊಂದನೇ ದಿನ ಮಧ್ಯಾಹ್ನ ರಿಸ್ಪೆಕ್ ಬಂದ. ಕುದುರೆ ಇಳಿದು, ಚಹಾ ಕುಡಿದು, ಬಟ್ಟಲು ಬೋರಲು ಹಾಕಿ ಹೇಳಿದ:

"ಮಾವ, ಇಲ್ಲಿವರೆಗೆ ನಿನ್ನ ಹತ್ರ ಏನೂ ಕೇಳಿಲ್ಲ. ಇವತ್ತು ಕೇಳೋಕೆ ಬಂದಿದೀನಿ. ಒಂದು ನಾಯಿ ಬೇಕು."

ಜುಮಾಶನ ಮುಖ ಬಿಳುಚಿಕೊಂಡಿತು. ಕಾಲ ಬಳಿ ಮಲಗಿದ್ದ ಸುಲ್ತಾನನನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ. ಬೇಕು ನಿಂಗೆ, ಊರೆಲ್ಲ ಕೊಚ್ಚಿಕೊಂಡೆಯಲ್ಲ, ಅನುಭವಿಸು ಎಂದು ಕೆಂಜೆ ಒಳಗೊಳಗೇ ಹಿಗ್ಗಿದಳು.

"ಅಕ್‌ತೋಶ್‌ನ ಕೊಡು" ಎಂದ ರಿಸ್ಪೆಕ್.

ಜುಮಾಶ್ ತೊಡೆ ತಟ್ಟಿಕೊಂಡು ನಕ್ಕ. "ಮುದುಕೀನಾ? ತಗೊಂಡು ಹೋಗಪ್ಪ, ಈಗಲೇ ತಗೊಂಡು ಹೋಗು!"

"ಏನ್ ಮಾಡ್ತೀಯಪ್ಪ ಅದನ್ನ ಇಟ್ಕೊಂಡು?" ಕೆಂಜೆ ನಡುವೆ ಬಾಯಿ ಹಾಕಿದಳು.

"ಎರಡು ಮರಿ ಇವೆ ಅತ್ತೆ. ಕುರಿ ಕಾಯೋದು ಹೇಗೆ ಅಂತ ತೋರಿಸಿಕೊಡೋಕೆ ಒಂದು ನಿಜವಾದ ನಾಯಿ ಬೇಕು. ನಿಮಗೆ ಅದು ಭಾರ ಅಂತ ಗೊತ್ತಿರಲಿಲ್ಲ. ಅವತ್ತು ಊಟಕ್ಕೆ ಕೂತಾಗ ನೀವೇ ಅಂದ್ರಲ್ಲ. ಇಲ್ದಿದ್ರೆ ನಂಗೆ ಕೇಳೋಕೆ ಧೈರ್ಯ ಎಲ್ಲಿ ಬರ್ತಿತ್ತು?"

ಕೆಂಜೆ ಬಾಯಿ ತೆರೆದಳು. ಗಂಡನ ಎದುರಿಗೆ, ಅವನ ಅಕ್ಕನ ಮಗನ ಎದುರಿಗೆ ಏನಂತ ಹೇಳುವುದು? ಅವತ್ತು ಆಡಿದ್ದು ಸುಳ್ಳು ಅಂತಲೇ? ದಡ್ಡ ದಡ್ಡ ಎಂದು ಗಂಡನನ್ನು ಇಪ್ಪತ್ತಾರು ವರ್ಷ ಹೀಯಾಳಿಸಿದ ಅದೇ ನಾಲಿಗೆ ಈಗ ಬಾಯಲ್ಲಿ ಒಣಗಿ ಕೂತಿತ್ತು. ಥೂ, ಅವನಿಗಿಂತ ದೊಡ್ಡ ದಡ್ಡಿ ತಾನೇ.

ಎದ್ದು ಹಗ್ಗ ತಂದಳು. ಅಕ್‌ತೋಶ್ ಬೇರೆ ಯಾರಿಗೂ ಕುತ್ತಿಗೆ ಕೊಡುವುದಿಲ್ಲ ಎಂದು ಗೊತ್ತಿದ್ದರಿಂದ ತಾನೇ ಕಟ್ಟಲು ಕೂತಳು. ನಾಯಿ ಅವಳ ಮೊಣಕೈ ಮೂಸಿ ಸುಮ್ಮನೆ ನಿಂತಿತು. ಗಂಟು ಒಂದು ಸಲ ಜಾರಿತು, ಎರಡನೇ ಸಲವೂ ಜಾರಿತು.

"ಏನೇ ಅದು, ಕೈ ಯಾಕೆ ಹಾಗೆ ನಡುಗ್ತಿದೆ?" ಜುಮಾಶ್ ನಗುತ್ತಲೇ ಕೇಳಿದ. "ನಾವು ಅಳಿಯನಿಗೆ ಇಲ್ಲ ಅನ್ನಲಿಲ್ಲವಲ್ಲ."